ಗಳಲೆ ರೋಗದ ವಂಶಾವಳಿ

ಮುಂಗಾರಿನ ಮೊದಲ ಹದಮಳೆ ಬಿದ್ದು, ಹೊಲಕ್ಕೆ ಆರು ಹೂಡಬೇಕೆನ್ನುವ ಹೊತ್ತಿಗೆ, ಕೊಟ್ಟಿಗೆಯ ಎತ್ತು ಮೇವು ಬಿಟ್ಟು ನಿಲ್ಲುತ್ತದೆ. ಸಂಜೆಯ ವೇಳೆಗೆ ಮೈ ಕಾದ ಹೆಂಚಿನಂತಾಗುತ್ತದೆ. ಬಾಯಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತದೆ. ಗಂಟಲ ಕೆಳಗಿನಿಂದ ಗಂಗೆದೊಗಲಿನವರೆಗೆ ಬಾವು ಏರುತ್ತದೆ. ಉಸಿರು ಗೊರಗೊರ ಎನ್ನತೊಡಗಿದ ಮೇಲೆ ಹೆಚ್ಚು ಹೊತ್ತು ಉಳಿದಿರುವುದಿಲ್ಲ. ಪಶುವೈದ್ಯರನ್ನು ಕರೆತರಲು ಹೋದ ಮಗ ಅವರೊಡನೆ ಹಿಂದಿರುಗುವಷ್ಟರಲ್ಲಿ ಎಲ್ಲವೂ ಮುಗಿದಿರುವುದುಂಟು. ಎತ್ತಿಗಿಂತ ಎಮ್ಮೆಗೆ ಇದರ ಹೊಡೆತ ಇನ್ನೂ ಬಿರುಸು. ನಮ್ಮ ಜನ ಇದನ್ನು ಗಳಲೆ ಎಂದರು, ಗಂಟಲು ಬೇನೆ ಎಂದರು. ಜೋಡಿ ಎತ್ತಿನಲ್ಲಿ ಒಂದು ಹೋದರೆ ಉಳಿದ ಒಂದರಿಂದ ಬಿತ್ತನೆ ಸಾಗದು. ಹಾಲಿನ ಎಮ್ಮೆ ಹೋದರೆ ಮನೆಯ ಸಂತೆಯ ಖರ್ಚೇ ನಿಂತಂತೆ. ಒಂದು ಸಂಸಾರ ಸಾಲಕ್ಕೆ ಬೀಳಲು ಒಂದು ರಾತ್ರಿ ಸಾಕು.

ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಈಚೆಗೆ ಬೇರೆಯಾದ ನ್ಯಾಮತಿ, ಪೂರ್ವದ ಬೆದ್ದಲು ಸೀಮೆಯ ಜಗಳೂರು, ಇವು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆಯೇ 1997ರಲ್ಲಿ ಹುಟ್ಟಿದ್ದು; ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಮಲೆನಾಡಿನ ಸೆರಗು ಒಂದು ಕಡೆ, ಬಯಲುಸೀಮೆಯ ಬಿಸಿಲು ಇನ್ನೊಂದು ಕಡೆ, ನಡುವೆ ತುಂಗಭದ್ರೆ, ಸೂಳೆಕೆರೆ, ಭದ್ರಾ ನಾಲೆಗಳು. ದನಕರು ಇಲ್ಲದ ಚರಿತ್ರೆ ಈ ನೆಲಕ್ಕೆ ಇಲ್ಲ. ಆ ದನಕರುಗಳ ಗಂಟಲಲ್ಲಿ ಕುಳಿತು ಬಂದ ಒಂದು ಸೂಕ್ಷ್ಮಜೀವಿಯ ಚರಿತ್ರೆಯನ್ನು ಇಂದು ಹೇಗೆ ಓದುತ್ತಾರೆ ಎಂಬುದನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ರೋಗ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಳ್ಳಿಗೆ ಹೊಸದಲ್ಲ. ಅದಕ್ಕೆ ಹಳ್ಳಿ ಕಂಡುಕೊಂಡ ಉತ್ತರ, ಹೊರಗಿನಿಂದ ಬಂತು ಎಂಬುದು. ಮಾರಿಯನ್ನು ಊರ ಗಡಿಯಾಚೆ ಸಾಗಿಸುವ ಆಚರಣೆಯ ಹಿಂದೆ ಇರುವುದು ಈ ನಂಬಿಕೆಯೇ. ನೆರೆಯೂರಿನವರು ಅದನ್ನು ತಮ್ಮ ಗಡಿಯಿಂದ ಮತ್ತೊಂದು ಊರಿಗೆ ಸಾಗಿಸುವರು. ಹೊರಬೀಡು ಎಂಬ ಇನ್ನೊಂದು ಪದ್ಧತಿಯುಂಟು: ಊರಿಗೆ ಊರೇ, ಮಕ್ಕಳುಮರಿ ದನಕರುಗಳ ಸಹಿತ, ಮನೆಗೆ ಬೇಲಿಮುಳ್ಳು ಹಾಕಿ ಹೊಲದಲ್ಲಿ ಒಂದು ದಿನ ಬಿಡಾರ ಹೂಡಿ, ಅಲ್ಲಿಯೇ ಅಡುಗೆ ಮಾಡಿ ಉಂಡು, ಸಂಜೆ ಮರಳುವುದು. ವಿದ್ಯಾವಂತರು ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಉಸಿರಿಗೆ ಉಸಿರು ತಾಗುವಂತೆ ಕಟ್ಟಿದ ದನಗಳನ್ನು ಇಕ್ಕಟ್ಟಿನ ಕೊಟ್ಟಿಗೆಯಿಂದ ಬಯಲಿಗೆ ಹೊಡೆದುಕೊಂಡು ಹೋಗುವುದರಲ್ಲಿ ಒಂದಿಷ್ಟು ವಿವೇಕವೂ ಇತ್ತೆಂದು ನನಗೆ ತೋರುತ್ತದೆ. ಗಂಟಲ ಬಾವಿಗೆ ಕಾದ ಕಬ್ಬಿಣದ ಬರೆ ಎಳೆಯುತ್ತಿದ್ದುದನ್ನು ಮಾತ್ರ ಸಮರ್ಥಿಸಲಾರೆ.

ಹೊರಗಿನಿಂದ ಬಂತು ಎಂಬ ಮಾತನ್ನು ಚರಿತ್ರಕಾರನೂ ಥಟ್ಟನೆ ಒಪ್ಪಿಬಿಡುವ ಸಂಭವವಿದೆ. ಏಕೆಂದರೆ ಈ ನೆಲದ ದನಗಳು ಒಂದೆಡೆ ನಿಂತವೇ ಅಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳಿವೆ. ಅದು 1902ರಲ್ಲಿ ಪ್ರಕಟವಾಯಿತು. ಮರುವರ್ಷ ಬಂದ 11ನೆಯ ಸಂಪುಟದಲ್ಲಿ ಜಗಳೂರಿನವು ಸೇರಿವೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ತುರುಗಾಳಗದ ಕಲ್ಲುಗಳು ಎಷ್ಟೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಶತ್ರು ಹಿಂಡನ್ನು ಹೊಡೆದುಕೊಂಡು ಹೋಗುವನು. ಊರಿನ ವೀರ ಬೆನ್ನಟ್ಟಿ, ತುರುವನ್ನು ಮರಳಿಸಿ, ಸುರಲೋಕ ಸೇರುವನು. ಕೆಳಗಿನ ಫಲಕದಲ್ಲಿ ದನಗಳ ಸಾಲು, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕೆಳಗಿನ ಫಲಕದ ದನಗಳನ್ನು ನಾವು ಅಲಂಕಾರವೆಂದು ನೋಡಿ ಮುಂದೆ ಸಾಗುತ್ತೇವೆ. ಒಂದು ಸೀಮೆಯ ಹಿಂಡು ಇನ್ನೊಂದು ಸೀಮೆಯ ಹಿಂಡಿನೊಡನೆ ಬಲವಂತವಾಗಿ ಬೆರೆತ ದಾಖಲೆಯೂ ಅದೇ ಎಂಬುದು ಹೊಳೆಯುವುದಿಲ್ಲ.

ಆ ಮೇಲೆ ಅರಮನೆಯ ದನಗಳು ಬಂದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದಕ್ಕೆಂದು ಮೀಸಲಾದ ಕಾವಲುಗಳು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡವಾಗಿದ್ದವು. ಋತುವಿಗೆ ತಕ್ಕಂತೆ ಹಿಂಡುಗಳು ಒಂದರಿಂದ ಒಂದಕ್ಕೆ ನಡೆಯುತ್ತಿದ್ದವು. ಚನ್ನಗಿರಿಗೆ ತಗುಲಿದಂತಿರುವ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಇದೆ. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಸರಕಾರ ಈ ಹಿಂಡನ್ನು ಮಾರಿಹಾಕಿತು. ದೊಡ್ಡ ಪಾಲನ್ನು ಈಜಿಪ್ಟಿನ ಪಾಷಾ ಕೊಂಡನೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಹಿಂಡು ಕೂಡಿಸಬೇಕಾಯಿತು. ಈಜಿಪ್ಟಿನ ಮಾತು ನೆನಪಿರಲಿ. ಅದು ಮುಂದೆ ಬೇಕಾಗುತ್ತದೆ.

ಇನ್ನು ಲಂಬಾಣಿಗರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದುದು. 1739ರಲ್ಲಿ ಅವರು ಹುಟ್ಟಿದರೆಂಬುದು ಪರಂಪರೆಯ ನಂಬಿಕೆ. ಇಂದು ಅದು ದೇಶದ ನಾನಾ ಮೂಲೆಗಳಿಂದ ಜನ ಬಂದು ಸೇರುವ ಕ್ಷೇತ್ರ. ರೈಲು ಬರುವುದಕ್ಕೆ ಮುಂಚೆ ದಕ್ಷಿಣದ ಧಾನ್ಯವೂ ಉಪ್ಪೂ ಸಾಗಿದ್ದು ಇವರ ಹೇರೆತ್ತುಗಳ ಬೆನ್ನಿನ ಮೇಲೆ. ಮೊಗಲರ ಸೈನ್ಯಕ್ಕೂ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷರ ಸೈನ್ಯಕ್ಕೂ ಅನ್ನ ಒದಗಿಸಿದ್ದು ಸಾವಿರಾರು ಎತ್ತುಗಳ ಆ ತಂಡಗಳೇ. ಹೀಗೆ ಒಂದು ಕಡೆ ದೂರದೂರ ಸಂಚರಿಸಿದ ಎತ್ತುಗಳು; ಇನ್ನೊಂದು ಕಡೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಮ್ಯಾಸಬೇಡರ ದೇವರೆತ್ತುಗಳು. ಇವುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಯ ಕಾವಲಿನಲ್ಲಿ ತಮ್ಮ ಪಾಡಿಗೆ ತಾವು ತಲೆತಲಾಂತರ ಮೇಯುವ ಹಿಂಡುಗಳು. ಬೆರೆತ ಹಿಂಡು, ಬೆರೆಯದ ಹಿಂಡು, ಎರಡೂ ಒಂದೇ ಸೀಮೆಯಲ್ಲಿ.

ಇಷ್ಟನ್ನು ಕಲ್ಲು ಕಾಗದಗಳಿಂದ ತಿಳಿಯಬಹುದು. ದನದ ಜೊತೆಗೆ ಸಾಗಿದ ರೋಗಾಣುವನ್ನು ತಿಳಿಯಲು ಬೇರೆ ಬಗೆಯ ದಾಖಲೆ ಬೇಕಾಯಿತು.

ಆ ರೋಗಾಣುವಿನ ಪರಿಚಯವಾದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1878ರಲ್ಲಿ ಜರ್ಮನಿಯ ಬೊಲಿಂಗರ್ ಎಂಬ ವಿದ್ವಾಂಸ ಮ್ಯೂನಿಕ್ ಸಮೀಪದ ಕಾಡಿನಲ್ಲಿ ಜಿಂಕೆ, ಹಂದಿಗಳನ್ನೂ ಸುತ್ತಲಿನ ದನಗಳನ್ನೂ ಒಟ್ಟಿಗೆ ಕೊಂದ ಒಂದು ವ್ಯಾಧಿಯನ್ನು ವರ್ಣಿಸಿದ. ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಕೋಳಿಗಳ ಕಾಲರದ ಹಿಂದೆ ಬಿದ್ದಿದ್ದ. ತೂಲೂಸಿನ ತೂಸೇಂ ಎಂಬ ಪಶುವೈದ್ಯ ಕಳಿಸಿಕೊಟ್ಟ ಮಾದರಿಯಿಂದ ಬೆಳೆಸಿದ ರೋಗಾಣು ಹಳತಾದಾಗ ತನ್ನ ಕಸುವು ಕಳೆದುಕೊಳ್ಳುವುದನ್ನೂ, ಅದನ್ನು ಚುಚ್ಚಿಸಿಕೊಂಡ ಕೋಳಿಗಳು ಮುಂದೆ ರೋಗವನ್ನು ತಡೆದುಕೊಳ್ಳುವುದನ್ನೂ 1880ರಲ್ಲಿ ಆತ ಪ್ರಕಟಿಸಿದ. ಬೇಸಗೆ ರಜೆಯಲ್ಲಿ ಮರೆತುಬಿಟ್ಟ ಒಂದು ಸೀಸೆಯಿಂದ ಇದೆಲ್ಲ ಆಯಿತೆಂಬ ಸ್ವಾರಸ್ಯದ ಕಥೆ ಶಾಲಾಪುಸ್ತಕಗಳಲ್ಲಿದೆ. ಪಾಶ್ಚರನ ಪ್ರಯೋಗಶಾಲೆಯ ಟಿಪ್ಪಣಿಗಳನ್ನು ಓದಿದ ಇತಿಹಾಸಕಾರರು ಅದು ಅಷ್ಟು ಸರಳವಲ್ಲವೆನ್ನುತ್ತಾರೆ. ಕೋಳಿಯ ಕಾಲರದ ಅಣು, ಬೊಲಿಂಗರನ ಜಿಂಕೆಯ ಅಣು, ನಮ್ಮ ಗಳಲೆಯ ಅಣು, ಮೂರೂ ಒಂದೇ ಜಾತಿ ಎಂಬುದು ಬರಬರುತ್ತ ಖಚಿತವಾಯಿತು. ಪಾಶ್ಚರನ ಗೌರವಾರ್ಥ 1887ರಲ್ಲಿ ಆ ಕುಲಕ್ಕೆ ಪಾಶ್ಚರೆಲ್ಲಾ ಎಂದು ಹೆಸರಾಯಿತು. ನಮ್ಮ ಜಾತಿಯ ಪೂರ್ಣನಾಮ ಪಾಶ್ಚರೆಲ್ಲಾ ಮಲ್ಟೋಸಿಡಾ. ಲ್ಯಾಟಿನ್ನಿನ ಆ ಉತ್ತರಪದವನ್ನು ಬಹುಘಾತಿನಿ ಎಂದು ಸಂಸ್ಕೃತಕ್ಕೆ ತಿರುಗಿಸಿದರೆ ಲಲಿತಾಸಹಸ್ರನಾಮದ ಪಕ್ಕದಲ್ಲಿ ನಿಲ್ಲುವಂಥ ಹೆಸರಾಗುತ್ತದೆ.

ಭಾರತದಲ್ಲಿ 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ, ರೋಗಾಣುಗಳೊಡನೆ ಜನವಸತಿಯ ನಡುವೆ ಇರಬಾರದೆಂದು, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. 1897ರಲ್ಲಿ ರಾಬರ್ಟ್ ಕಾಖ್ ಅಲ್ಲಿಗೆ ಬಂದಿದ್ದ. ಮೈಸೂರು ಸಂಸ್ಥಾನ 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿತು. ಅದರ ಮೊದಲ ಶತ್ರು ದೊಡ್ಡರೋಗ. ಅದು ವೈರಸ್ಸಿನಿಂದ ಬರುವಂಥದು. 2011ರಲ್ಲಿ ಇಡೀ ಭೂಮಂಡಲದಿಂದ ಅದು ಹೋಯಿತೆಂದು ಘೋಷಣೆಯಾಯಿತು. ಗಳಲೆ ಹೋಗಲಿಲ್ಲ. ಹೆಬ್ಬಾಳದ ಆ ಸಂಸ್ಥೆ ಇಂದು ಹೆಸರು ಬದಲಾಯಿಸಿಕೊಂಡು, ಗಳಲೆಯ ಲಸಿಕೆಯನ್ನೂ ಒಳಗೊಂಡು ಹಲವು ಲಸಿಕೆಗಳನ್ನು ತಯಾರಿಸುತ್ತಿದೆ. ದೊಡ್ಡರೋಗ ಹೋಗಿ ಗಳಲೆ ಏಕೆ ಉಳಿಯಿತು? ಇದಕ್ಕೆ ಉತ್ತರ ಸಿಕ್ಕಬೇಕಾದರೆ ಅಣುವಿನ ವಂಶಾವಳಿಯನ್ನು ನೋಡಬೇಕು.

ಇಲ್ಲಿ ನನ್ನ ಕಸುಬಿನ ಮಾತನ್ನು ಸ್ವಲ್ಪ ತರುತ್ತೇನೆ. ಪಶುವೈದ್ಯರಾಗಿರುವ ಬಂಧುವೊಬ್ಬರು ತಮ್ಮ ವಿಜ್ಞಾನವನ್ನು ನನಗೆ ವಿವರಿಸುತ್ತ, “ನೀವು ಎಂ.ಎ. ಹುಡುಗರಿಗೆ ಪಾಠಾಂತರ ಅಂತ ಹೇಳುತ್ತಿದ್ದಿರಲ್ಲ, ಈಗ ನಮ್ಮದೂ ಅದೇ ಕೆಲಸ” ಎಂದರು. ಮೊದಲು ಅದು ಸೌಜನ್ಯದ ಮಾತೆಂದುಕೊಂಡೆ. ಆಮೇಲೆ ನೋಡಿದರೆ ಅಕ್ಷರಶಃ ನಿಜ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆಲ್ಲ ಈ ತತ್ತ್ವ ಗೊತ್ತು: ಕವಿ ಬರೆದ ಮೂಲಪ್ರತಿ ನಮಗೆ ಸಿಕ್ಕುವುದಿಲ್ಲ, ಸಿಕ್ಕುವುದು ನಕಲಿನ ನಕಲು. ಲಿಪಿಕಾರ ಎಷ್ಟೇ ಎಚ್ಚರದವನಾದರೂ ಅಕ್ಷರ ತಪ್ಪುತ್ತಾನೆ, ಸಾಲು ಹಾರಿಸುತ್ತಾನೆ. ಅವನ ಪ್ರತಿಯಿಂದ ನಕಲು ಮಾಡಿದವನು ಆ ತಪ್ಪುಗಳನ್ನೂ ಭಕ್ತಿಯಿಂದ ಉಳಿಸಿ, ತನ್ನವನ್ನೂ ಸೇರಿಸುತ್ತಾನೆ. ಮೂಡಬಿದರೆಯ ಒಂದು ಓಲೆ ಪ್ರತಿಯಲ್ಲಿಯೂ ಮೈಸೂರಿನ ಒಂದು ಕಾಗದದ ಪ್ರತಿಯಲ್ಲಿಯೂ ಒಂದೇ ಜಾಗದಲ್ಲಿ ಒಂದೇ ವಿಚಿತ್ರವಾದ ತಪ್ಪಿದ್ದರೆ ಎರಡೂ ಒಬ್ಬಳೇ ತಾಯಿಯ ಮಕ್ಕಳು. ಸರಿಯಾದ ಪಾಠ ಎಲ್ಲರಲ್ಲಿಯೂ ಇರಬಹುದು. ಬಾಂಧವ್ಯವನ್ನು ಹೇಳುವುದು ಹಂಚಿಕೊಂಡ ತಪ್ಪು.

ಏಕಾಣುಜೀವಿಯೂ ಒಂದು ಲಿಪಿಕಾರ. ಅದರೊಳಗಿನ ಡಿ.ಎನ್.ಎ. ಎಂಬ ನೂಲಿನಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಬರೆದ ಒಂದು ಗ್ರಂಥವಿದೆ. ಆ ಪೂರ್ಣಪಾಠಕ್ಕೆ ಜೀನೋಮ್ ಎಂದು ಹೆಸರು. ಅಣು ಎರಡಾಗಿ ಸೀಳುವ ಮುನ್ನ ಇಡೀ ಗ್ರಂಥವನ್ನು ನಕಲು ಮಾಡಬೇಕು. ಕೋಟಿ ಕೋಟಿ ನಕಲುಗಳಲ್ಲಿ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಸಂತತಿಗೆ ಇಳಿಯುತ್ತದೆ. ಬೇರೆ ಬೇರೆ ಊರಿನ, ಬೇರೆ ಬೇರೆ ಕಾಲದ ಅಣುಗಳ ಗ್ರಂಥಗಳನ್ನು ಸಾಲಾಗಿ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಯಾವುದು ಯಾವುದರ ಸೋದರ, ಯಾವುದು ದಾಯಾದಿ ಎಂಬುದು ತಿಳಿಯುತ್ತದೆ. ಎರಡು ಶಾಸ್ತ್ರಗಳ ಈ ಸಾಮ್ಯ ಎಷ್ಟು ಗಟ್ಟಿಯಾದುದೆಂದರೆ, ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ ಕಾವ್ಯದ ಒಂದು ಭಾಗದ 58 ಹಸ್ತಪ್ರತಿಗಳ ಬಾಂಧವ್ಯವನ್ನು ನಿರ್ಣಯಿಸಲು ಕೇಂಬ್ರಿಜಿನ ವಿದ್ವಾಂಸರು 1998ರಲ್ಲಿ ಜೀವಿಗಳ ವಂಶವೃಕ್ಷವನ್ನು ರಚಿಸುವ ಗಣಕವಿಧಾನವನ್ನೇ ಬಳಸಿದರು. ಕನ್ನಡದಲ್ಲಿ ಈ ಕೆಲಸಕ್ಕೆ ಒದಗುವ ಕಾವ್ಯಗಳು ಬೇಕಾದಷ್ಟಿವೆ. ಇರಲಿ.

ಸ್ವತಂತ್ರವಾಗಿ ಬದುಕಬಲ್ಲ ಜೀವಿಯೊಂದರ ಪೂರ್ಣಪಾಠವನ್ನು ಮೊತ್ತಮೊದಲು ಓದಿದ್ದು 1995ರಲ್ಲಿ. ಆ ಜೀವಿ ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮನುಷ್ಯನ ಗಂಟಲಿನ ನಿವಾಸಿ. ಇನ್‌ಫ್ಲುಯೆಂಜ ಜ್ವರಕ್ಕೆ ಅದೇ ಕಾರಣವೆಂದು ಒಂದು ಕಾಲದಲ್ಲಿ ತಪ್ಪಾಗಿ ತಿಳಿದು ಇಟ್ಟ ಹೆಸರು. ಹೆಸರುಗಳ ಲೋಕದಲ್ಲಿಯೂ ಪಾಠದೋಷ ಶಾಶ್ವತವಾಗುವುದುಂಟು. ಆರು ವರ್ಷಗಳ ಅನಂತರ, 2001ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ವಿವೇಕ್ ಕಪೂರ್ ಅವರ ತಂಡ ಪಾಶ್ಚರೆಲ್ಲಾ ಮಲ್ಟೋಸಿಡಾದ ಒಂದು ತಳಿಯನ್ನು ಆದ್ಯಂತ ಓದಿತು. ಅದು ಕೋಳಿಯಿಂದ ಬಂದ ತಳಿ. ಅದರಲ್ಲಿದ್ದ ಅಕ್ಷರಗಳು 22 ಲಕ್ಷ 57 ಸಾವಿರದ 487; ವಂಶವಾಹಿಗಳು ಸುಮಾರು 2014. ಪುಟಕ್ಕೆ 1500 ಅಕ್ಷರದಂತೆ ಅಚ್ಚು ಹಾಕಿದರೆ 1500 ಪುಟದ ಗ್ರಂಥವಾದೀತು. ಮೇಲೆ ಹೇಳಿದ ಮನುಷ್ಯನ ಗಂಟಲಿನ ನಿವಾಸಿಯೂ ನಮ್ಮ ಬಹುಘಾತಿನಿಯೂ ಹತ್ತಿರದ ದಾಯಾದಿಗಳೆಂದು ಹೋಲಿಕೆಯಿಂದ ತಿಳಿದುಬಂತು. ಅವು ಬೇರೆಯಾಗಿ ಸುಮಾರು 27 ಕೋಟಿ ವರ್ಷಗಳಾಗಿರಬಹುದೆಂದು ಆ ವಿದ್ವಾಂಸರ ಅಂದಾಜು. ದನವಾಗಲಿ ಮನುಷ್ಯನಾಗಲಿ ಇನ್ನೂ ಕನಸಿನಲ್ಲಿಯೂ ಇಲ್ಲದ ಕಾಲ ಅದು. ಗಂಟಲಿನ ಒದ್ದೆಯಲ್ಲಿ ಬದುಕುವ ವಿದ್ಯೆ ಈ ಮನೆತನಕ್ಕೆ ಎಷ್ಟು ಹಳೆಯದೆಂದು ಊಹಿಸಿಕೊಳ್ಳಬಹುದು.

ಮುಂದೆ ಓದು ಅಗ್ಗವಾಯಿತು, ಪ್ರತಿಗಳು ಹೆಚ್ಚಿದವು. ಗುಜರಾತಿನ ಆನಂದದಲ್ಲಿ ಕೋಳಿಯಿಂದಲೂ ಆಡಿನಿಂದಲೂ ಪಡೆದ ತಳಿಗಳ ಪಾಠ ಸಿದ್ಧವಾಯಿತು. ನಮ್ಮ ದೇಶದಲ್ಲಿ ದಶಕಗಳಿಂದ ಗಳಲೆ ಲಸಿಕೆಗೆ ಆಧಾರವಾಗಿರುವ ಪಿ-52 ಎಂಬ ತಳಿಯನ್ನೂ ಓದಿದರು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಏಷ್ಯದ ಗಳಲೆ ತಳಿಗಳನ್ನು ಗಳಲೆ ತರದ ತಳಿಗಳೊಡನೆ ಹೋಲಿಸಿತು. ಅದರಿಂದ ಕಂಡುಬಂದುದು ಇಷ್ಟು: ಗಳಲೆ ತಳಿಗಳಲ್ಲಿ ಮಾತ್ರ ಇದ್ದು ಉಳಿದವುಗಳಲ್ಲಿ ಇಲ್ಲದ ವಂಶವಾಹಿಗಳು 90ಕ್ಕೂ ಹೆಚ್ಚು. ಎರಡು ಸಾವಿರದಲ್ಲಿ ತೊಂಬತ್ತು! ಕೋಳಿಯ ಅಣುವಿಗೂ ಎಮ್ಮೆಯ ಅಣುವಿಗೂ ಇರುವ ಅಂತರ ಅಷ್ಟೇ.

ಆ ತೊಂಬತ್ತರಲ್ಲಿ ಹಲವು ಸ್ವಂತದವೂ ಅಲ್ಲ. ಏಕಾಣುಜೀವಿಗಳಿಗೂ ರೋಗ ತರುವ ವೈರಸ್ಸುಗಳುಂಟು. ಅವಕ್ಕೆ ಫೇಜ್ ಎನ್ನುತ್ತಾರೆ. ಅವು ಅಣುವನ್ನು ಹೊಕ್ಕು ಕೆಲವೊಮ್ಮೆ ತಮ್ಮ ಬರಹವನ್ನು ಅದರ ಗ್ರಂಥದ ನಡುವೆ ಸೇರಿಸಿ ಸುಮ್ಮನಾಗುತ್ತವೆ. ಆಮೇಲೆ ಅಣು ಅದನ್ನೂ ತನ್ನದೆಂದೇ ನಕಲು ಮಾಡುತ್ತದೆ. ಗ್ರಂಥಸಂಪಾದಕರ ಭಾಷೆಯಲ್ಲಿ ಇದು ಪ್ರಕ್ಷಿಪ್ತ. ಯಾರೋ ಓದುಗ ಅಂಚಿನಲ್ಲಿ ಬರೆದ ಪದ್ಯ ಮುಂದಿನ ಪ್ರತಿಯಲ್ಲಿ ಮೈಯೊಳಕ್ಕೆ ನುಸುಳಿ, ಮೂರನೆಯ ತಲೆಮಾರಿನ ಪ್ರತಿಯಲ್ಲಿ ಕವಿಯದೇ ಆಗಿಬಿಡುವ ಬಗೆ ಇದು. ಹಂದಿಗಳ ಮೂಗಿನ ಎಲುಬನ್ನು ಸವೆಸುವ ಒಂದು ರೋಗವೂ ಇದೇ ಬಹುಘಾತಿನಿಯ ಇನ್ನೊಂದು ತಳಿಯದು. ಅದಕ್ಕೆ ಕಾರಣವಾದ ವಿಷದ ವಂಶವಾಹಿ ಹೀಗೆ ಫೇಜ್ ತಂದು ಸೇರಿಸಿದ ಪ್ರಕ್ಷಿಪ್ತವೆಂದು ಗೊತ್ತಾಗಿದೆ. ಗಳಲೆಯಲ್ಲಿ ಮಾತ್ರ ಅಂಥ ಒಂದೇ ಒಂದು ವಿಷದ ಮೇಲೆ ಬೊಟ್ಟಿಡಲಾಗದು. ರಕ್ತಕ್ಕೆ ಇಳಿದ ಅಣು ಮಿತಿಮೀರಿ ಹೆಚ್ಚುವುದರಿಂದ, ಅದರ ಹೊರಪೊರೆಯ ದ್ರವ್ಯವೇ ಮೈಗೆ ನಂಜಾಗಿ ದನ ಸಾಯುತ್ತದೆ.

ಮೊದಲಿನ ವಿದ್ವಾಂಸರು ಈ ಅಣುಗಳನ್ನು ಹೊದಿಕೆಯಿಂದ ಗುರುತಿಸುತ್ತಿದ್ದರು. ಅಣುವಿನ ಮೇಲೆ ಸಕ್ಕರೆಯಂಥ ದ್ರವ್ಯದ ಒಂದು ಕೋಶ ಇರುತ್ತದೆ. ಮೈಯ ಬಿಳಿಯ ರಕ್ತಕಣಗಳು ಹಿಡಿದರೆ ಜಾರಿಕೊಳ್ಳಲು ಅದು ಒದಗುತ್ತದೆ. 1950ರ ದಶಕದಿಂದ ಆ ಕೋಶವನ್ನು ಎ, ಬಿ, ಡಿ, ಇ ಎಂದು ವಿಂಗಡಿಸಿದರು. ಎಫ್ ಆಮೇಲೆ ಸೇರಿತು. ಏಷ್ಯದ ಗಳಲೆ ಬಿ ವರ್ಗದ್ದು, ಆಫ್ರಿಕದ್ದು ಹೆಚ್ಚಾಗಿ ಇ ವರ್ಗದ್ದು. ಪೂರ್ಣಪಾಠಗಳು ಕೈಗೆ ಬಂದ ಮೇಲೆ, ಬೇರೆ ಬೇರೆ ವಂಶಗಳು ಒಂದೇ ಹೊದಿಕೆ ಹೊದ್ದಿರಬಹುದು, ಹೊದಿಕೆಗಳು ವಂಶದಿಂದ ವಂಶಕ್ಕೆ ದಾಟಿರಬಹುದು ಎಂಬುದು ಸ್ಪಷ್ಟವಾಯಿತು. ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಅಲ್ಲಿಂದೊಂದು ಇಲ್ಲಿಂದೊಂದು ಎತ್ತಿಕೊಂಡ ಲಿಪಿಕಾರನ ಮಿಶ್ರಪಾಠದಂತೆ ಇದು ಸಂಶೋಧಕನನ್ನು ಕಾಡುತ್ತದೆ. ಗಳಲೆಯ ವಿಷಯದಲ್ಲಿ ಸಮಾಧಾನವೆಂದರೆ, ಏಷ್ಯದ ಬಿ ವರ್ಗದ ಗಳಲೆ ತಳಿಗಳು ಬಲುಮಟ್ಟಿಗೆ ಒಂದೇ ಮನೆತನದವು.

ಜಗಳೂರಿನ ಕುರಿಗಾರರಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಮಳೆ ಚಳಿಗಳಲ್ಲಿ ಕುರಿಗಳಿಗೆ ತಗಲುವ ಶ್ವಾಸಕೋಶದ ಬೇನೆಯೊಂದರ ಅಣುವನ್ನೂ ಬಹಳ ಕಾಲ ಪಾಶ್ಚರೆಲ್ಲಾ ಎಂದೇ ಕರೆಯುತ್ತಿದ್ದರು. ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದಾಗ ಅದು ಆ ಮನೆಯ ಮಗುವಲ್ಲವೆಂದು ತಿಳಿದು, 1999ರಲ್ಲಿ ಅದಕ್ಕೆ ಮ್ಯಾನ್‌ಹೈಮಿಯಾ ಎಂಬ ಬೇರೆ ಕುಲನಾಮ ಕೊಟ್ಟರು. ಒಬ್ಬ ಕವಿಯ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕೃತಿ ಇನ್ನೊಬ್ಬನದೆಂದು ತೀರ್ಮಾನವಾದಂತೆ! ಇದು ಬರಿಯ ಪಾಂಡಿತ್ಯದ ಜಗಳವಲ್ಲ: ಒಂದರ ಲಸಿಕೆ ಇನ್ನೊಂದಕ್ಕೆ ನಾಟುವುದಿಲ್ಲ.

ಈಗ ಈಜಿಪ್ಟಿಗೆ ಬರೋಣ. ಗಳಲೆಯ ಬಿ ವರ್ಗವೂ ಇ ವರ್ಗವೂ ಎರಡೂ ವರದಿಯಾಗಿರುವ ಕೆಲವೇ ದೇಶಗಳಲ್ಲಿ ಈಜಿಪ್ಟೊಂದು. ಇ ಆಫ್ರಿಕದ್ದು, ಬಿ ಏಷ್ಯದಿಂದ ಹೋದದ್ದೆ? 1860ರಲ್ಲಿ ಪಾಷಾ ಕೊಂಡ ಅಮೃತಮಹಲ್ ದನಗಳ ಗಂಟಲಲ್ಲಿ? ಕಥೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ! ಇಂಥ ಕಡೆಯಲ್ಲೇ ಚರಿತ್ರಕಾರ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳಬೇಕು. ಈಜಿಪ್ಟಿಗೆ ಎಮ್ಮೆಗಳು ಅದಕ್ಕೆ ಶತಮಾನಗಳ ಮುಂಚೆಯೇ ಪಶ್ಚಿಮ ಏಷ್ಯದ ಮಾರ್ಗವಾಗಿ ಹೋಗಿದ್ದವು. ನದಿಯ ಎಮ್ಮೆಯನ್ನು ಪಳಗಿಸಿದ್ದೇ ಭಾರತ ಉಪಖಂಡದಲ್ಲಿ. ಅವುಗಳ ಗಂಟಲು ಬರಿದಾಗಿತ್ತೆಂದು ಯಾರು ಹೇಳಬಲ್ಲರು? ಒಂದೇ ಒಂದು ಹಂಚಿಕೊಂಡ ತಪ್ಪಾದರೂ ಎರಡು ಕಡೆಯ ಪಾಠಗಳಲ್ಲಿ ಕಾಣುವವರೆಗೆ ಪಾಷಾನ ದನಗಳ ಮೇಲೆ ಈ ಆರೋಪ ಹೊರಿಸುವುದು ಸಲ್ಲದು. ವೀರಗಲ್ಲಿನ ದನಗಳಿಗೂ ಲಂಬಾಣಿಗರ ಎತ್ತುಗಳಿಗೂ ಇದೇ ನ್ಯಾಯ.

ಹೊರಗಿನಿಂದ ಬಂತು ಎಂಬ ಮಾತನ್ನೇ ಅಲುಗಿಸುವ ಸಾಕ್ಷ್ಯವೊಂದು ಮಧ್ಯ ಏಷ್ಯದಿಂದ ಬಂದಿದೆ. 2015ರ ಮೇ ತಿಂಗಳಲ್ಲಿ ಕಜಾಕಸ್ತಾನದ ಹುಲ್ಲುಗಾವಲುಗಳಲ್ಲಿ ಸೈಗಾ ಎಂಬ ಹುಲ್ಲೆಗಳು ಮರಿ ಹಾಕಲು ಸೇರಿದ್ದವು. ಮೂರೇ ವಾರಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಸತ್ತುಬಿದ್ದವು. ರೋಗ ತಗಲಿದ ಹಿಂಡುಗಳಲ್ಲಿ ಒಂದೂ ಉಳಿಯಲಿಲ್ಲ. ಕಾರಣ ಇದೇ ಬಹುಘಾತಿನಿ, ಅದೇ ಬಿ ವರ್ಗ. ಯಾವುದೋ ಹೊಸ ಘೋರ ತಳಿ ನುಗ್ಗಿತೆಂದು ಎಲ್ಲರೂ ಅನುಮಾನಿಸಿದರು. ಅಂಥ ಸುಳಿವು ಸಿಕ್ಕಲಿಲ್ಲ. ಆ ಅಣು ಆರೋಗ್ಯವಂತ ಹುಲ್ಲೆಗಳ ಗಂಟಲಿನಲ್ಲಿ ಮೊದಲೇ ಇದ್ದಿರಬೇಕೆಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಹೊಸದಾಗಿದ್ದುದು ಹವೆ. ಆ ದಿನಗಳಲ್ಲಿ ಎಂದಿಲ್ಲದ ತೇವ, ಎಂದಿಲ್ಲದ ಸೆಕೆ. 1981, 1988ರ ಸಾಮೂಹಿಕ ಸಾವುಗಳ ಹಿಂದೆಯೂ ಅಂಥದೇ ಹವೆ ಇತ್ತೆಂದು ಹಳೆಯ ದಾಖಲೆಗಳು ತೋರಿಸಿದವು.

ತೇವ ಮತ್ತು ಸೆಕೆ! ಜೂನ್ ತಿಂಗಳ ಸೂಳೆಕೆರೆಯ ಬಯಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕೆ? ಬೇಸಗೆಯಲ್ಲಿ ಒಣಹುಲ್ಲು ತಿಂದು ಎಲುಬು ಕಾಣುವಂತಾದ ದನ, ಮೊದಲ ಮಳೆಯಲ್ಲಿ ನೆನೆದು, ಸರಿಯಾಗಿ ಮೇವು ಸಿಗುವ ಮುಂಚೆಯೇ ನೊಗಕ್ಕೆ ಕುತ್ತಿಗೆ ಕೊಡುತ್ತದೆ. ಅದುವರೆಗೆ ಗಂಟಲ ಗ್ರಂಥಿಯಲ್ಲಿ ತೆಪ್ಪಗಿದ್ದ ಅಣು ಆಗ ಎಚ್ಚತ್ತುಕೊಳ್ಳುತ್ತದೆ. ಒಮ್ಮೆ ರೋಗ ಬಂದು ಹೋದ ಹಿಂಡಿನಲ್ಲಿ ಬದುಕಿ ಉಳಿದ ಎಮ್ಮೆಗಳ ಗಂಟಲಲ್ಲಿ ಅಣು ಅಡಗಿರುವುದನ್ನು ಶ್ರೀಲಂಕೆಯ ವಿಜ್ಞಾನಿ ಡಿ ಆಲ್ವಿಸ್ ಜೀನೋಮುಗಳ ಯುಗಕ್ಕೆ ಮುಂಚೆಯೇ ತೋರಿಸಿಕೊಟ್ಟಿದ್ದರು. ದೊಡ್ಡರೋಗದ ವೈರಸ್ಸಿಗೆ ಹೀಗೆ ಅಡಗಿ ಕೂರುವ ಮನೆ ಇರಲಿಲ್ಲ. ರೋಗ ಬಂದ ದನ ಸಾಯುತ್ತಿತ್ತು, ಇಲ್ಲವೆ ಜೀವನಪರ್ಯಂತ ನಿರೋಧ ಪಡೆಯುತ್ತಿತ್ತು. ಅದನ್ನು ಅಟ್ಟಿ ಓಡಿಸುವುದು ಸಾಧ್ಯವಾಯಿತು. ಮನೆಯೊಳಗಿನವನನ್ನು ಗಡಿಯಾಚೆ ಸಾಗಿಸುವುದು ಹೇಗೆ?

ಜಗಳೂರಿನ ರಂಗಯ್ಯನದುರ್ಗದ ಕಾಡಿಗೂ ಈ ಮಾತು ಅನ್ವಯಿಸುತ್ತದೆ. ಭಾರತ ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲದ ನಾಲ್ಕು ಕೊಂಬಿನ ಕೊಂಡುಕುರಿಗೆಂದು 2011ರಲ್ಲಿ ಅದನ್ನು ವನ್ಯಧಾಮವಾಗಿ ಮಾಡಲಾಯಿತು. ಬೊಲಿಂಗರನ ಜಿಂಕೆ, ಕಜಾಕಸ್ತಾನದ ಸೈಗಾ, ಈ ಅಣುವಿನ ಮುಂದೆ ಕಾಡು ನಾಡು ಎಂಬ ಭೇದವಿಲ್ಲ. ಅಲ್ಲಿನ ಅಂಚಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕುವುದೆಂದರೆ ಕೊಂಡುಕುರಿಗೂ ಒಂದು ಬೇಲಿ ಕಟ್ಟಿದಂತೆ. ವಿಚಿತ್ರವೆಂದರೆ ಉಪಕಾರ ಎದುರು ದಿಕ್ಕಿನಿಂದಲೂ ಬಂದಿದೆ: ಇಂಗ್ಲೆಂಡಿನ ಜಿಂಕೆಯೊಂದರಿಂದ ಪಡೆದ, ಗಳಲೆಯ ಅಣುವಿಗೆ ಹತ್ತಿರದ ಸೌಮ್ಯ ತಳಿಯನ್ನು ಬರ್ಮಾ ದೇಶದಲ್ಲಿ ದನ ಎಮ್ಮೆಗಳ ಮೂಗಿಗೆ ಸಿಂಪಡಿಸುವ ಲಸಿಕೆಯಾಗಿ ಬಳಸಿದರು.

ನಮ್ಮಲ್ಲಿಯದು ಚುಚ್ಚುವ ಲಸಿಕೆ, ಕೊಂದ ಅಣುಗಳಿಂದ ಮಾಡಿದ್ದು. ಪಟಿಕದ ಲವಣ ಸೇರಿಸಿದ್ದಾದರೆ ಅದರ ಬಲ ನಾಲ್ಕಾರು ತಿಂಗಳು. ಎಣ್ಣೆ ಸೇರಿಸಿದ್ದಾದರೆ ವರ್ಷದವರೆಗೂ ಉಂಟು. ಮಳೆ ಹಿಡಿಯುವ ಮುನ್ನವೇ ಹಾಕಿಸಬೇಕೆನ್ನುವುದು ಈ ಲೆಕ್ಕದಿಂದಲೇ. ಜ್ವರ ಬಂದ ಮೇಲೆ ಲಸಿಕೆಯಿಂದ ಉಪಯೋಗವಿಲ್ಲ. ಹಾಲು ಕಡಿಮೆಯಾಗುತ್ತದೆ, ಚುಚ್ಚಿದಲ್ಲಿ ಗಂಟಾಗುತ್ತದೆ ಎಂದು ಲಸಿಕೆಯವರನ್ನು ಬಾಗಿಲಿನಿಂದಲೇ ಹಿಂದಿರುಗಿಸುವ ಮನೆಗಳು ಇಂದಿಗೂ ಇವೆ. ಎರಡು ದಿನದ ಹಾಲಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಬಾರದೆ ಹೋದ ರೋಗದ ಲೆಕ್ಕ ಕಾಣುವುದಿಲ್ಲ.

ಹೋಲಿಕೆಗೆ ಪ್ರತಿಗಳು ಬೇಕಷ್ಟೆ. ಲಸಿಕೆಯ ಪಿ-52ಕ್ಕೂ ಇಂದು ನಮ್ಮ ಊರುಗಳಲ್ಲಿ ದನ ಕೊಲ್ಲುತ್ತಿರುವ ಅಣುವಿಗೂ ಎಷ್ಟು ಅಕ್ಷರ ವ್ಯತ್ಯಾಸ, ಆ ವ್ಯತ್ಯಾಸ ಲಸಿಕೆಯನ್ನು ಹುಸಿಗೊಳಿಸುವಂಥದೆ ಎಂಬುದನ್ನು ಸತ್ತ ದನವೇ ಹೇಳಬೇಕು. ನೆರಡಿಯ ಅನುಮಾನವಿದ್ದರೆ ಹೆಣವನ್ನು ಕೊಯ್ಯಲೇಬಾರದು. ಅದರ ಬೀಜಾಣುಗಳು ಮಣ್ಣಿಗೆ ಬಿದ್ದು ವರ್ಷಗಟ್ಟಲೆ ಉಳಿಯುತ್ತವೆ, ಕೊಯ್ದವನಿಗೂ ಅಪಾಯ. ಇದನ್ನು ನಿರ್ಧರಿಸಬೇಕಾದವರು ಪಶುವೈದ್ಯರು. ಗಳಲೆಯೆಂದು ಅವರಿಗೆ ತೋರಿದರೆ ಕಾಲಿನ ಉದ್ದನೆಯ ಮೂಳೆಯೊಂದನ್ನು ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಾರೆ; ಹೆಣ ಕೊಳೆತರೂ ಮೂಳೆಯ ನೆಣದೊಳಗೆ ಅಣು ಕೆಲವು ಕಾಲ ಕೆಡದೆ ಇರುತ್ತದೆ. ಬಹುಪಾಲು ಹೆಣಗಳು ಯಾವ ಮಾದರಿಯನ್ನೂ ಉಳಿಸದೆ ಹಳ್ಳದ ದಂಡೆಯಲ್ಲಿ ಮಣ್ಣಾಗುತ್ತವೆ. ಗೆದ್ದಲು ತಿಂದ ಓಲೆಗರಿಯ ಕಟ್ಟುಗಳನ್ನು ನೋಡಿದವನಿಗೆ ಆ ನಷ್ಟದ ಪರಿಚಯವಿರುತ್ತದೆ. ಕಳಿಸಿದ ಮೂಳೆಯ ಪೊಟ್ಟಣದ ಮೇಲೆ ಊರು, ತಾಲ್ಲೂಕು, ದನದ ವಯಸ್ಸು, ಸತ್ತ ದಿನ, ಲಸಿಕೆ ಹಾಕಿಸಿತ್ತೆ ಇಲ್ಲವೆ ಎಂಬ ವಿವರಗಳನ್ನು ಬರೆಯುತ್ತಾರೆ. ಇಂಥ ಸಂವತ್ಸರದಲ್ಲಿ, ಇಂಥ ಊರಿನಲ್ಲಿ, ಇಂಥವನು ಬರೆದು ಮುಗಿಸಿದನೆಂದು ಓಲೆಪ್ರತಿಯ ಕೊನೆಯ ಗರಿಯಲ್ಲಿ ಲಿಪಿಕಾರ ಬರೆದಿಡುತ್ತಿದ್ದ ಹಾಗೆ.